ಕಾಕಾ ಬರೆದದ್ದು ಒ

ಅದು "ಒ" ಆಗಿತ್ತು. ನಾನು "ಎ" ಎಂದು ಹೇಳಿದೆ. ಕಣ್ಣು ತಪ್ಪಿ ಹೇಳಿದ್ದಲ್ಲ — ಅಕ್ಷರ ಸ್ಪಷ್ಟವಾಗಿ ಕಂಡ ಮೇಲೆಯೇ ಹೇಳಿದ್ದು. ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಇದ್ದೆ, ಅದು ನನಗೆ ಗೊತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುವುದು ನನಗೆ ಬಾಲ್ಯದಿಂದ ಬಂದ ಚಾಳಿ. ಹೇಳುತ್ತ ಹೇಳುತ್ತ ತಪ್ಪನ್ನು ಸಿಹಿ ಮಾಡಿಬಿಡುತ್ತೇನೋ ಎಂಬ ಹೆದರಿಕೆ ಇದೆ.

ಹನ್ನೊಂದು ವರ್ಷದ ಹಿಂದಿನ ಮಾತು. ಕೊಚ್ಚಿಯ ಎಡಪ್ಪಳ್ಳಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ನಮ್ಮದೊಂದು ಸಣ್ಣ ಆಫೀಸು. ಕಟ್ಟಡಗಳಿಗೆ ಕಬ್ಬಿಣದ ಲೆಕ್ಕ ಹಾಕಿಕೊಡುವುದು ಅಲ್ಲಿನ ಕೆಲಸ. ಯಜಮಾನರು ಬಾಬು ಸಾರ್. ನಾನು ಕಾಲೇಜು ಮುಗಿಸಿ ಆಗಷ್ಟೇ ಸೇರಿದ ಇಂಜಿನಿಯರು. ಮೂಲೆಯ ಮೇಜಿನಲ್ಲಿ ವಾಮನರಾವ್ ಕಾಕಾ — ಧಾರವಾಡದ ಕಡೆಯವರು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು ಕೊಚ್ಚಿಗೆ ವರ್ಗವಾಗಿ ಬಂದವರು, ನಿವೃತ್ತರಾದ ಮೇಲೂ ಪೆನ್ಸಿಲು ಬಿಡಲಾಗದೆ ನಮ್ಮಲ್ಲಿಗೆ ಬರುತ್ತಿದ್ದವರು.

ನಾನು ಅವರನ್ನು "ಕಾಕಾ" ಎಂದು ಕರೆದ ಮೊದಲ ದಿನ ಇಡೀ ಆಫೀಸು ನಕ್ಕಿತ್ತು. ಮಲಯಾಳದಲ್ಲಿ ಕಾಕ್ಕ ಎಂದರೆ ಕಾಗೆ. ಆಮೇಲೆ ಅವರು ಬಾಗಿಲಲ್ಲಿ ಕಂಡರೆ ಸಾಕು, ಪಕ್ಕದ ಮೇಜಿನ ಶೈನಿ ನನಗೆ ಪಿಸುಗುಡುವಳು: "ದೇ, ನಿಂಡೆ ಕಾಕ್ಕ ವನ್ನು!" — ಅಗೋ, ನಿನ್ನ ಕಾಗೆ ಬಂತು! ಒಂದು ದಿನ ಅದು ಅವರ ಕಿವಿಗೇ ಬಿತ್ತು. ಅರ್ಥ ಕೇಳಿ ತಿಳಿದುಕೊಂಡು ಗಹಗಹಿಸಿ ನಕ್ಕರು. "ಕಾಗಿ ಅಂದ್ರ ಹಿರ್‍ಯಾರು ಬಂದ್ಹಂಗ. ಬರೇ ನಗಬ್ಯಾಡ್ರಿ, ಊಟಕ್ಕ ಹಾಕ್ರಿ!" ಎಂದರು. ಅದನ್ನು ನಾನೇ ಮಲಯಾಳಕ್ಕೆ ತಿರುಗಿಸಿ ಹೇಳಿದೆ. ಅಂದಿನಿಂದ ಶೈನಿ ತನ್ನ ಡಬ್ಬಿಯ ಮೀನು ಬಿಟ್ಟು ಉಳಿದದ್ದರಲ್ಲಿ ಒಂದು ಪಾಲು ಅವರಿಗೆ ತೆಗೆದಿಡುತ್ತಿದ್ದಳು.

ಮಲಯಾಳ ಅವರಿಗೆ ಬರುತ್ತಿರಲಿಲ್ಲ, ಇಂಗ್ಲಿಷು ಕೇಳಿದರೆ ತಿಳಿಯುತ್ತಿತ್ತು ಅಷ್ಟೇ; ಹಾಗಾಗಿ ಅವರ ಮಾತೆಲ್ಲ ನನ್ನ ಮೂಲಕವೇ ಆಗಬೇಕಿತ್ತು. ಅದರಲ್ಲಿ ನನಗೊಂದು ಜಂಬ — ಹೌದು, ಜಂಬವೇ. ನಾನು ಹುಟ್ಟಿ ಬೆಳೆದದ್ದು ತಿರುವನಂತಪುರದಲ್ಲಿ, ಅಪ್ಪನ ಕ್ವಾರ್ಟರ್ಸಿನಲ್ಲಿ. ಕನ್ನಡ ಬಂದದ್ದು ಕಾಸರಗೋಡಿನ ಅಜ್ಜಿಯಿಂದ, ಕಿವಿಯ ಮೂಲಕ. ಅಕ್ಷರವನ್ನೂ ಅಜ್ಜಿಯೇ ಕಲಿಸಿದ್ದು — ಮೊರದಲ್ಲಿ ಅಕ್ಕಿ ಹರಡಿ, ನನ್ನ ಬೆರಳು ಹಿಡಿದು. "ಎಂತ ಅವಸರ ಮಾರಾಯ್ತಿ, ಸರೀ ತಿದ್ದು" ಎನ್ನುತ್ತಿದ್ದರು. ನಾನು ತಿದ್ದುವ ಮೊದಲೇ ಓಡಿಹೋಗುತ್ತಿದ್ದೆ. ಹಾಗಾಗಿ ನನ್ನ ನಾಲಗೆಗೆ ಇದ್ದಷ್ಟು ಕನ್ನಡ ನನ್ನ ಕಣ್ಣಿಗೆ ಇರಲಿಲ್ಲ. ಕೈಬರಹವನ್ನಂತೂ ನಾನು ಅರ್ಧ ಓದಿ ಅರ್ಧ ಊಹಿಸುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಕಾಕಾ ಅವರಿಗಂತೂ ಇಲ್ಲವೇ ಇಲ್ಲ. ಈ ಊರಿನಲ್ಲಿ ತನ್ನ ಅಕ್ಷರ ಓದುವವಳೊಬ್ಬಳು ಸಿಕ್ಕಿದಳಲ್ಲ ಎಂದು ಅವರಿಗೆ ಎಷ್ಟು ಸಂತೋಷವಾಗಿತ್ತು!

ನಮ್ಮ ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಅಕ್ಷರ ಹೇಗೆ ಒಂದು ಛಾವಣಿಯನ್ನು ಕೆಡಿಸಿತು ಎಂಬುದು ನಿಮಗೆ ತಿಳಿಯುವುದಿಲ್ಲ. ದೊಡ್ಡ ಹಾಲ್‌ಗಳ ಶೀಟಿನ ಮಾಡನ್ನು, ಅಂದರೆ ಛಾವಣಿಯನ್ನು, ಹೊರುವುದಕ್ಕೆ ಕಬ್ಬಿಣದ ಸರಳುಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು ಇರುತ್ತದಲ್ಲ, ಅದೇ ಟ್ರಸ್. ಅದರ ಒಂದೊಂದು ಸರಳಿನೊಳಗೂ ಒಂದೊಂದು ಬಲ ಅಡಗಿರುತ್ತದೆ. ಒಂದೋ ಎರಡು ತುದಿಯಿಂದಲೂ ಅದನ್ನು ಎಳೆಯುತ್ತಿರುತ್ತಾರೆ, ಇಲ್ಲವೇ ಎರಡು ತುದಿಯಿಂದಲೂ ಒತ್ತುತ್ತಿರುತ್ತಾರೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಲೆಕ್ಕ ಹಾಕಿಯೇ ತಿಳಿಯಬೇಕು.

ಕಾಲೇಜಿನಲ್ಲಿ ನಾನು ಅದನ್ನು ಕಲಿತಿದ್ದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆದರೆ ನಿಜವಾಗಿ ಅರ್ಥವಾದದ್ದು ಕಾಕಾ ಅವರ ಮೇಜಿನ ಪಕ್ಕದಲ್ಲಿ. ಸರಳುಗಳು ಕೂಡುವ ಜಾಗವನ್ನು ಅವರು "ಗಂಟು" ಎನ್ನುತ್ತಿದ್ದರು. "ಗಂಟಿನಾಗ ನೀನs ಹೋಗಿ ನಿಲ್ಲು ತಂಗಿ. ಸುತ್ತ ನೋಡು. ಅಲ್ಲೆ ಬಂದವರೆಲ್ಲಾ ಎಳದದ್ದು, ಒತ್ತಿದ್ದು ಕೂಡಿ ಸೊನ್ನಿ ಆಗಬೇಕು. ಯಾಕಂದ್ರ ಗಂಟು ಅಲುಗಾಡಂಗಿಲ್ಲ. ಮ್ಯಾಲ ಕೆಳಗ ನೋಡು, ಆಮ್ಯಾಲ ಎಡಕ್ಕ ಬಲಕ್ಕ ನೋಡು. ಗೊತ್ತಿಲ್ಲದವರು ಇಬ್ಬರಕಿಂತ ಹೆಚ್ಚಿದ್ರ ಆ ಗಂಟಿಗೆ ಹೋಗಬ್ಯಾಡ, ಅವರು ನಿನ್ನ ಮಾತು ಕೇಳಂಗಿಲ್ಲ."

"ಯಾವುದು ಎಳೆತ, ಯಾವುದು ಒತ್ತು ಅಂತ ಮೊದಲೇ ಹೇಗೆ ಗೊತ್ತಾಗುವುದು ಕಾಕಾ?"

"ಮದಲ ಎಲ್ಲಾರೂ ಎಳೀತಾರ ಅಂತ ತಿಳಕೋ. ಉತ್ತರ ಮೈನಸ್ ಬಂತಂದ್ರ, 'ಇಲ್ರೀ ಬಾಯರ, ನಾ ಒತ್ಲಿಕ್ಕತ್ತೀನಿ' ಅಂತ ಅದs ಹೇಳ್ತದ. ಲೆಕ್ಕಕ್ಕ ನಾಚಿಕಿ ಇರೂದಿಲ್ಲವಾ, ತಪ್ಪಿದ್ರ ತಾನs ಹೇಳ್ತದ."

ಲೆಕ್ಕಕ್ಕೆ ನಾಚಿಕೆ ಇರುವುದಿಲ್ಲ — ಎಷ್ಟು ಸಲ ಆ ಮಾತನ್ನು ನೆನೆದುಕೊಂಡು ನಾಚಿದ್ದೇನೋ ನಾನು.

ಅವರದ್ದೊಂದು ಪದ್ಧತಿ ಇತ್ತು. ಕಚ್ಚಾ ಕಾಗದದಲ್ಲಿ ಗಂಟು ಗಂಟಾಗಿ ಲೆಕ್ಕ ಮಾಡಿ, ಕೊನೆಗೆ ಒಂದು ಶುದ್ಧ ಹಾಳೆಯ ಮೇಲೆ ಪಟ್ಟಿ ಬರೆಯುವರು. ಪಟ್ಟಿಯಲ್ಲಿ ಪ್ಲಸ್ಸು ಮೈನಸ್ಸು ಇರುತ್ತಿರಲಿಲ್ಲ. "ಮೈನಸ್ ಅಂದ್ರ ಒಂದು ಕಡ್ಡಿ. ಜೆರಾಕ್ಸಿನಾಗ ಹಾರಿಹೋಗ್ತದ. ಅಕ್ಷರ ಹಾರಿಹೋಗಂಗಿಲ್ಲ." ಆದ್ದರಿಂದ ಎಳೆತಕ್ಕೆ ಎ, ಒತ್ತಿಗೆ ಒ. ನಾನು ಆ ಪಟ್ಟಿಯನ್ನು ನೋಡಿ ಇಂಗ್ಲಿಷಿನಲ್ಲಿ ಟೈಪು ಮಾಡಿ ನಕ್ಷೆಯವರಿಗೆ ಕೊಡಬೇಕು. ಅವರ ಕೈಬರಹದಲ್ಲಿ ಎ ಗೂ ಒ ಗೂ ನಡುವೆ ಒಂದು ಸಣ್ಣ ಸುರುಳಿಯಷ್ಟೇ ವ್ಯತ್ಯಾಸ. ನಾನು ಸುರುಳಿ ನೋಡುತ್ತಿರಲಿಲ್ಲ. ಯಾವ ಸರಳು ಎಲ್ಲಿದೆ ಎಂದು ನೋಡಿ, ಇದು ಎಳೆತವೇ ಇರಬೇಕು, ಇದು ಒತ್ತೇ ಇರಬೇಕು ಎಂದು ಊಹಿಸುತ್ತಿದ್ದೆ. ಸರಿಯಾಗಿಯೇ ಇರುತ್ತಿತ್ತು — ಬಹಳ ದಿನ.

ಆಮೇಲೆ ತಿರುವನಂತಪುರದ ಕೆಲಸ ಬಂತು. ಒಂದು ಮದುವೆ ಹಾಲಿನ ಪಕ್ಕದಲ್ಲಿ ಊಟಕ್ಕೆ ಕೂರುವ ದೊಡ್ಡ ಚಪ್ಪರ. ನಾಲ್ಕು ಕಡೆಯೂ ಗೋಡೆಯಿಲ್ಲ, ಮೇಲೆ ಹಗುರ ಶೀಟು. ಇಂಥ ಮಾಡಿಗೆ ಎರಡು ಲೆಕ್ಕ ಬೇಕು. ಮಾಡಿನ ಭಾರ ಕೆಳಗೆ ಕೂತಾಗ ಟ್ರಸ್ಸಿನ ಕೆಳಗಿನ ಉದ್ದ ಸರಳು ಎಳೆತದಲ್ಲಿರುತ್ತದೆ. ಆದರೆ ಬಿರುಗಾಳಿ ಒಳಗೆ ನುಗ್ಗಿ ಶೀಟನ್ನು ಮೇಲಕ್ಕೆ ಎತ್ತಿದರೆ ಎಲ್ಲವೂ ತಿರುಗುಮುರುಗು. ಅದೇ ಸರಳು ಒತ್ತಿಗೆ ಸಿಕ್ಕಿಬೀಳುತ್ತದೆ. ಎಳೆತಕ್ಕಾದರೆ ತೆಳ್ಳಗಿನ ಸರಳು ಸಾಕು. ಒತ್ತಿಗೆ ದಪ್ಪದ್ದೇ ಬೇಕು — ಹಗ್ಗದಿಂದ ಎಳೆಯಬಹುದು, ಹಗ್ಗದಿಂದ ದಬ್ಬುವುದಕ್ಕಾಗುತ್ತದೆಯೇ?

ಕಾಕಾ ಎರಡೂ ಲೆಕ್ಕ ಮಾಡಿದ್ದರು. ಗಾಳಿಯ ಹಾಳೆಯಲ್ಲಿ ಕೆಳಗಿನ ಸರಳಿನ ಎದುರು ಒ ಎಂದು ಬರೆದಿದ್ದರು. ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಹಾಳೆಯನ್ನು ನನ್ನ ಕೈಗಿಟ್ಟು, ಶಸ್ತ್ರಚಿಕಿತ್ಸೆಗೆಂದು ತಿರುವನಂತಪುರದ ಮಗಳ ಮನೆಗೆ ಹೊರಟುಹೋದರು. "ಒಮ್ಮೆ ನೋಡಿಕೋ ತಂಗಿ" ಎಂದಿದ್ದರು. ನಾನು ನೋಡಲಿಲ್ಲ. ಕೆಳಗಿನ ಸರಳು ತಾನೆ, ಎಳೆತವೇ ಎಂದು ಎಲ್ಲ ಕಡೆ ಎಳೆತ ಎಂದು ಟೈಪು ಮಾಡಿದೆ. ಬಾಬು ಸಾರ್ ನಂಬಿಕೆಯಿಂದ ಸಹಿ ಹಾಕಿದರು. ಚಪ್ಪರಕ್ಕೆ ತೆಳ್ಳಗಿನ ಸರಳೇ ಹೋಯಿತು.

ಚಪ್ಪರ ಎದ್ದು ತಿಂಗಳಾಗಿರಲಿಲ್ಲ, ಮಳೆಗಾಲದ ಮೊದಲ ಗಾಳಿಗೆ ಮೂರು ಟ್ರಸ್ಸುಗಳ ಕೆಳಸರಳು ಬಿಲ್ಲಿನಂತೆ ಪಕ್ಕಕ್ಕೆ ಬಾಗಿತು. ಮಧ್ಯಾಹ್ನ, ಒಳಗೆ ಯಾರೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಅಲ್ಲಿ ಒಂದು ಮದುವೆಯ ಊಟವಿತ್ತಂತೆ — ಎಷ್ಟು ಮಕ್ಕಳು ಆ ಸರಳುಗಳ ಕೆಳಗೆ ಎಲೆ ಹಾಕಿಕೊಂಡು ಕೂರುತ್ತಿದ್ದರೋ.

ಬಾಬು ಸಾರ್ ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಿಸಿದರು. ಒತ್ತು ಎಂದು ಬಂತು. ಹಾಗಾದರೆ ತಪ್ಪು ಲೆಕ್ಕದ್ದೋ, ಟೈಪಿನದ್ದೋ? ಅವರು ಕಾಕಾ ಅವರ ಹಾಳೆಯನ್ನು ಮೇಜಿನ ಮೇಲೆ ಹರಡಿ, ಎಲ್ಲರನ್ನೂ ಕರೆದು, ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು.

"ಇದ್ ಏದ್ ಅಕ್ಷರಮಾ, ಮೋಳೇ?"

ಯಾವ ಅಕ್ಷರ ಇದು, ಮಗಳೇ. ಗದರಿಸಿ ಕೇಳಲಿಲ್ಲ. ಮೆತ್ತಗೆ ಕೇಳಿದರು. ಅದೇ ಮೊದಲ ಬಾರಿ ನಾನು ಆ ಸುರುಳಿಯನ್ನು ಸರಿಯಾಗಿ ನೋಡಿದೆ. ಒ. ಸಂಶಯವೇ ಇಲ್ಲ. ಕಣ್ಣಿಗೆ ಪೊರೆ ಬಂದ ಮನುಷ್ಯ ಎಷ್ಟು ನಿಧಾನವಾಗಿ, ಎಷ್ಟು ಎಚ್ಚರದಿಂದ ಬರೆದಿದ್ದರು! ಸುತ್ತ ಶೈನಿ, ನಕ್ಷೆಯವರು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಓದಲು ಬರುವುದಿಲ್ಲ ಎಂದು ಈಗ ಹೇಗೆ —

"ಎ" ಎಂದೆ. "ಎ ಎಂದರೆ ಎಳೆತ."

ಬಾಬು ಸಾರ್ ನಿಟ್ಟುಸಿರು ಬಿಟ್ಟು ಕಾಕಾ ಅವರಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವಂತೆ ಇಟ್ಟರು. ಕಾಕಾ ಆಗಷ್ಟೇ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಗಿ, ಪಟ್ಟಿ ಕಟ್ಟಿಕೊಂಡು ತಿರುವನಂತಪುರದ ಉಳ್ಳೂರಿನಲ್ಲಿ ಮಗಳ ಮನೆಯಲ್ಲಿ ಮಲಗಿದ್ದರು. ಬಾಬು ಸಾರ್ ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ಆ ಕಡೆಯಿಂದ ಕಾಕಾ ಕನ್ನಡದಲ್ಲಿ — ನನಗೇ ಎಂಬಂತೆ —

"ತಂಗಿ ಓದ್ಯಾಳೇನು? ಆಕಿ ಓದಿದ್ರ ಖರೇನs ಇರಬೇಕು. ನನ್ನ ಕಣ್ಣು ಮೋಸ ಮಾಡ್ತು."

"ಏನು ಹೇಳುತ್ತಿದ್ದಾರೆ?" ಎಂದು ಬಾಬು ಸಾರ್ ನನ್ನತ್ತ ತಿರುಗಿದರು. ಅದನ್ನೂ ನಾನೇ ಅನುವಾದಿಸಿದೆ.

ಯಾರೂ ಅವರನ್ನು ಬೈಯಲಿಲ್ಲ. ಪಾಪ, ವಯಸ್ಸಾಯಿತು, ಕಣ್ಣಿನ ತೊಂದರೆ ಎಂದರು. ಆ ಕರುಣೆಯೇ ಅವರನ್ನು ಮುಗಿಸಿತು ಎಂದು ಈಗ ಅನಿಸುತ್ತದೆ. ಬೈದಿದ್ದರೆ ಬಹುಶಃ ಎದುರುತ್ತರ ಕೊಡುತ್ತಿದ್ದರು, ಹಾಳೆ ತೋರಿಸಿ ಎನ್ನುತ್ತಿದ್ದರು. ಕಾಕಾ ಮತ್ತೆ ಆಫೀಸಿಗೆ ಬರಲಿಲ್ಲ. ಅವರ ಮೇಜಿನ ಮೇಲೆ ಪ್ರಿಂಟರು ಬಂತು.

ಒಂದು ಸಲ ಹಣ್ಣು ಹಿಡಿದುಕೊಂಡು ನೋಡಲು ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದೆ — ಹಾಗೆಂದು ನನಗೆ ನಾನು ಹೇಳಿಕೊಂಡಿದ್ದೆ. ಕಾಕಾ ನನ್ನ ಕೈ ಹಿಡಿದುಕೊಂಡು, "ನನ್ನಿಂದ ನಿನಗೂ ನಾಲ್ಕು ಮಂದ್ಯಾಗ ತಲಿ ತಗ್ಗಸೋ ಹಂಗ ಆತಲ್ಲ ತಂಗಿ. ಮನಸಿಗೆ ಹಚಗೋಬ್ಯಾಡ" ಎಂದರು.

ನಾನು ಏನೆಂದೆ ಗೊತ್ತೇ? "ಇರಲಿ ಬಿಡಿ ಕಾಕಾ" ಎಂದೆ. ಅವರನ್ನು ನಾನು ಕ್ಷಮಿಸಿ ಬಂದೆ!

ಆಡಿದ ಮಾತು, ಒಡೆದ ಮುತ್ತು ಎನ್ನುತ್ತಿದ್ದರು ಅಜ್ಜಿ. ಆಡದೆ ಉಳಿದ ಮಾತಿಗೆ ಅವರೇನೂ ಗಾದೆ ಹೇಳಿಕೊಡಲಿಲ್ಲ.

ನಾನು ಆಮೇಲೆ ಕೊಚ್ಚಿಯಲ್ಲೇ ಕಾಕ್ಕನಾಡಿನ ದೊಡ್ಡ ಕಂಪನಿಯೊಂದಕ್ಕೆ ಸೇರಿದೆ. ಈಗ ಹತ್ತಾರು ಜನರ ಲೆಕ್ಕಗಳನ್ನು ಪರಿಶೀಲಿಸುವವಳು ನಾನೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನಿದ್ದೆ ಬರುತ್ತಿತ್ತು. ಹಬ್ಬಕ್ಕೆ ಕಾಕಾ ಅವರಿಗೆ ಫೋನು ಮಾಡುತ್ತಿದ್ದೆ, ಧಾರವಾಡದ ಮಾತು ಕೇಳಿ ನಗುತ್ತಿದ್ದೆ. ಕೆಲವೊಮ್ಮೆ ವರ್ಷಗಟ್ಟಲೆ ಆ ಅಕ್ಷರ ನೆನಪಾಗುತ್ತಲೇ ಇರಲಿಲ್ಲ — ಇದೇ ನನಗೆ ಹೆಚ್ಚು ನಾಚಿಕೆಯ ಸಂಗತಿ.

ಈ ವರ್ಷ ಕಾಕಾ ಅವರ ಮೊಮ್ಮಗಳು ಮಾಳು ನನಗೆ ಫೋನು ಮಾಡಿದಳು. ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಮಲಯಾಳ. ಅವಳ ಬಾಯಲ್ಲಿರುವ ಒಂದೇ ಕನ್ನಡ ಶಬ್ದ "ಅಜ್ಜಾ". ಟ್ರಸ್ ಪಾಠ ತಲೆಗೆ ಹತ್ತುತ್ತಿಲ್ಲ, ಸಹಾಯ ಮಾಡುತ್ತೀರಾ ಆಂಟೀ ಎಂದಳು. "ಮನೆಯಲ್ಲೇ ಅಜ್ಜ ಇದ್ದಾರಲ್ಲ, ಅವರಿಗಿಂತ ಒಳ್ಳೆಯ ಗುರು ಬೇಕಾ?" ಎಂದೆ ನಗುತ್ತ.

ಅವಳು ನಗಲಿಲ್ಲ. ಅಜ್ಜ ಹೇಳಿಕೊಡುವುದಿಲ್ಲ ಎಂದಳು. ಪುಸ್ತಕ ತೆಗೆದುಕೊಂಡು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಮ್ಮೆ ತನ್ನ ಕೈ ತಪ್ಪಿ ಒಂದು ಮಾಡು ಬಾಗಿತು, ಜನ ಸಾಯುತ್ತಿದ್ದರು. ಆವತ್ತಿನಿಂದ ಪೆನ್ಸಿಲು ಮುಟ್ಟಿಲ್ಲ, ನಿನಗೂ ತಪ್ಪು ಕಲಿಸಿಬಿಟ್ಟರೆ ಏನು ಗತಿ ಎಂದರಂತೆ. ಕೊನೆಗೆ ನನ್ನ ನಂಬರು ಕೊಟ್ಟರಂತೆ: "ಆಕಿನ್ನ ಕೇಳು. ಆಕಿ ತಪ್ಪಂಗಿಲ್ಲ."

ನಾನು ಮೂರು ಭಾನುವಾರ ಆ ಹುಡುಗಿಗೆ ಫೋನಿನಲ್ಲಿ ಪಾಠ ಹೇಳಿದೆ. ಅದನ್ನೂ ಒಪ್ಪಿಕೊಳ್ಳಬೇಕು. ಅವಳು ಆ ಮಾತು ಹೇಳಿದ ಕೂಡಲೇ ನಿಜ ಹೇಳಲು ಕಾಕಾ ಅವರ ಬಳಿಗೆ ಓಡಿಹೋದವಳಲ್ಲ ನಾನು. ಗಂಟಿನಲ್ಲಿ ನೀನೇ ಹೋಗಿ ನಿಲ್ಲು ಎಂದು ಕಾಕಾ ಅವರ ಮಾತನ್ನೇ ಮಲಯಾಳದಲ್ಲಿ ಅವಳಿಗೆ ಹೇಳಿಕೊಟ್ಟೆ. "ಎಷ್ಟು ಚೆನ್ನಾಗಿ ಹೇಳುತ್ತೀರಿ ಆಂಟೀ, ನಿಮಗೆ ಯಾರು ಕಲಿಸಿದ್ದು?" ಎಂದು ಕೇಳಿದಳು. ಫೋನಿನ ಆಚೆ, ಕೋಣೆಯಲ್ಲೆಲ್ಲೋ, ಕಾಕಾ ಕೆಮ್ಮಿದ ಸದ್ದು ಕೇಳಿಸಿತು. ನಾಲ್ಕನೆಯ ಭಾನುವಾರ ತಿರುವನಂತಪುರದ ಬೆಳಗಿನ ರೈಲು ಹತ್ತಿದೆ.

ಕಾಕಾ ಬಾಲ್ಕನಿಯಲ್ಲಿ ಕೂತು, ಕನ್ನಡಕವಿಲ್ಲದೆ ಪೇಪರು ಓದುತ್ತಿದ್ದರು. ನನ್ನನ್ನು ಕಂಡು, "ಬಾ ಬಾ, ನಿನ್ನ ಕಾಗಿ ಇನ್ನೂ ಹಾರಿಹೋಗಿಲ್ಲ ನೋಡು!" ಎಂದು ನಕ್ಕರು. ಮಗಳು ಚಹಾ ತಂದಿಟ್ಟು ಒಳಗೆ ಹೋದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ರೈಲಿನಲ್ಲಿ ಉದ್ದಕ್ಕೆ ಕಟ್ಟಿಕೊಂಡು ಹೋದ ಮಾತೆಲ್ಲ ಉದುರಿಹೋಗಿ, ಬಾಯಿಂದ ಬಂದದ್ದು ಇಷ್ಟೇ.

"ಕಾಕಾ, ನೀವು ಒ ಅಂತಲೇ ಬರೆದಿದ್ರಿ. ನಾನು ಓದುವಾಗ ತಪ್ಪಿದೆ. ಆಮೇಲೆ ಎಲ್ಲರ ಮುಂದೆ ಸುಳ್ಳು ಹೇಳಿದೆ."

ಅವರು ಪೇಪರು ಮಡಚಿದರು. ಮತ್ತೊಂದು ಸಲ ಮಡಚಿದರು. ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಏನು ಹೇಳಲಿ ಎಂದು ಕಾದು ನಿಂತಿದ್ದೆ. ಕೇಳಲೇ ಇಲ್ಲ.

"ನಾ ಒ ಅಂತನs ಬರದಿದ್ದೆನೇನು?"

"ಹೌದು ಕಾಕಾ."

"ಖರೆ ಹೇಳು ತಂಗಿ. ಮುದುಕಗ ಸಮಾಧಾನ ಆಗ್ಲಿ ಅಂತ ಹೇಳಬ್ಯಾಡ."

"ಖರೆ, ಕಾಕಾ. ನನ್ನ ಕಣ್ಣಾರೆ ಕಂಡಿದ್ದೇನೆ."

"ಹನ್ನೊಂದು ವರ್ಷ ಆತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಗುಳಿಗಿ ಚೀಟಿನೂ ಇನ್ನೊಬ್ಬರ ಕಡೆ ಒಮ್ಮೆ ಓದಿಸಿನs ನುಂಗ್ತೀನಿ. ಕಣ್ಣು ಛಲೋ ಆದ ಮ್ಯಾಲೂ. ಬಸ್ಸಿನ ನಂಬರ್ ನೋಡಿದ್ರ ಬಾಜೂದವರನ್ನ ಕೇಳ್ತೀನಿ. ನನ್ನ ಮ್ಯಾಲ ನನಗs..."

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಭುಜ ಹಿಡಿದು ತಡೆದರು. "ಅದು ಬ್ಯಾಡ," ಎಂದರು. "ಮಾಳೂಗ ಹೇಳು. ನನಗ ಬಾಯಿ ಬರೂದಿಲ್ಲ. ಆಕಿ ಭಾಷಾದಾಗ ನೀನs ಹೇಳು."

ಅವಳನ್ನು ಕರೆದರು. ನನಗೆ ಬಹಳ ಸಲೀಸಾದ ಭಾಷೆ ಮಲಯಾಳ. ಕಾಕಾ ಅವರ ಪರವಾಗಿ ಅದರಲ್ಲಿ ಎಷ್ಟು ಮಾತಾಡಿಲ್ಲ ನಾನು! ಅಂದು ಒಂದೊಂದು ಶಬ್ದವನ್ನೂ ಹುಡುಕಿ ಹುಡುಕಿ ಹೇಳಿದೆ. ನಿನ್ನ ಅಜ್ಜನ ಲೆಕ್ಕ ಸರಿ ಇತ್ತು, ಕೈ ಸರಿ ಇತ್ತು, ಕಣ್ಣೂ ಸರಿ ಇತ್ತು, ಕೆಟ್ಟದ್ದು ನನ್ನ ನಾಲಗೆ ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದಳು. ಆಮೇಲೆ ಮೂರೇ ಮಾತು:

"ಇನಿ ಆಂಟಿ ವಿಳಿಕ್ಕಂಡ."

ಇನ್ನು ಮೇಲೆ ನೀವು ಫೋನು ಮಾಡುವುದು ಬೇಡ. ಕಾಕಾ ಅವಳನ್ನು ಗದರಿಸುವಂತೆ ಕೈ ಎತ್ತಿದರು. ಬೇಡ ಕಾಕಾ, ಅವಳು ಹೇಳಿದ್ದು ಸರಿಯೇ ಎಂದೆ. ಸರಿಯೇ ಆಗಿತ್ತು.

ಮಾಳು ಒಳಗೆ ಹೋಗಿ ಪುಸ್ತಕ, ಪೆನ್ಸಿಲು ತಂದು ಅಜ್ಜನ ತೊಡೆಯ ಮೇಲಿಟ್ಟಳು. "ಅಜ್ಜಾ" ಎಂದಳು, ಅಷ್ಟೇ. ಬಹಳ ಹೊತ್ತಿನ ಮೇಲೆ ಅವರು ಪೆನ್ಸಿಲು ಹಿಡಿದರು. ಮೊದಲ ಗಂಟಿನ ಲೆಕ್ಕ ಬರೆದರು. ಬರೆದು, "ಸರಿ ಅದ ಏನು ನೋಡವಾ" ಎಂದು ಹಾಳೆಯನ್ನು ಅವಳತ್ತ ತಿರುಗಿಸಿದರು. ಸರಿ ಎಂದಳು. ಎರಡನೆಯ ಗಂಟು. ಮತ್ತೆ ಹಾಳೆ ತಿರುಗಿಸಿದರು. ಮತ್ತೆ ಕೇಳಿದರು. ಮೂರನೆಯದಕ್ಕೂ ಕೇಳಿದರು. ನನ್ನ ಒಂದು ನಿಜದಿಂದ ಎಲ್ಲ ನೆಟ್ಟಗಾಗಿಬಿಡುತ್ತದೆ ಎಂದು ರೈಲಿನಲ್ಲಿ ನನಗೆ ಎಲ್ಲೋ ಒಂದು ಆಸೆ ಇತ್ತು. ಇಲ್ಲ. ಹನ್ನೊಂದು ವರ್ಷ ಒಳಗೆ ಬೇರು ಬಿಟ್ಟ ಸಂಶಯ ಹಾಗೆ ಎದ್ದು ಹೋಗುವುದಿಲ್ಲ. ನಾನು ಕಂಡೆ, ಬಾಗಿಲ ಬಳಿ ನಿಂತು. ಹೇಳದೆ ಹೊರಟು ಬಂದೆ.

ಇನ್ನೊಂದು ಕೆಲಸ ಉಳಿದಿದೆ. ಬಾಬು ಸಾರ್ ಅವರಿಗೆ ಇವತ್ತು ಬೆಳಗ್ಗೆ ಫೋನು ಮಾಡಿದೆ. ಮುಖ್ಯ ವಿಷಯ ಮಾತಾಡಬೇಕು ಎಂದಾಗ, ಫೋನಿನಲ್ಲೇ ಹೇಳು ಮೋಳೇ ಎಂದರು. ಇಲ್ಲ ಸಾರ್, ಆಫೀಸಿಗೇ ಬರುತ್ತೇನೆ, ಕೆಲಸದ ಹೊತ್ತಿನಲ್ಲಿ ಬರುತ್ತೇನೆ ಎಂದೆ. ಆ ದಿನ ಮೇಜಿನ ಸುತ್ತ ನಿಂತಿದ್ದವರಲ್ಲಿ ಶೈನಿ ಇನ್ನೂ ಅಲ್ಲೇ ಇದ್ದಾಳೆ, ನಕ್ಷೆಯವರಿಬ್ಬರೂ ಇದ್ದಾರೆ. ಕಾಕಾ ಅವರ ಹೆಸರು ಕೆಟ್ಟದ್ದು ಅವರ ಮುಂದೆ. ಅವರೆಲ್ಲ ಕೇಳುವ ಹಾಗೆ ಹೇಳಬೇಕು. ಸುದ್ದಿ ನನ್ನ ಈಗಿನ ಕಂಪನಿಯವರೆಗೂ ಬರುತ್ತದೆ, ಬರಲಿ. ನಾಳೆ ಹತ್ತು ಗಂಟೆಗೆ ಹೋಗುತ್ತೇನೆ.